ಬಿಡಿಭಾಗ ಜೋಡಿಸಿದರೆ ಬಂದೂಕಾಗುವುದೆ?

ಎಳನೀರು ಕೊಚ್ಚುವ ಮಚ್ಚನ್ನು ಕುಲುಮೆಗೆ ಒಯ್ದು ಹದ ಹಾಕಿಸುವುದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದವರಿಗೆ ಹೊಸದಲ್ಲ. ಕೆಂಪಗೆ ಕಾದ ಅಲಗನ್ನು ನೀರಿಗೆ ಅದ್ದಿದರೆ ಉಕ್ಕು ಗಡುಸಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಅದನ್ನೇ ಮತ್ತೆ ಮೆಲ್ಲಗೆ ಕಾಯಿಸಿದರೆ ಪೆಡಸು ಇಳಿದು ತಾಳಿಕೆ ಬರುತ್ತದೆ. ಹದ ತಪ್ಪಿದ ಮಚ್ಚಿನ ಬಾಯಿ ಮುರಿಯುತ್ತದೆ, ಅಷ್ಟೆ. ಹದ ತಪ್ಪಿದ ಬಂದೂಕು ಹಿಡಿದವನ ಕಣ್ಣನ್ನೇ ತೆಗೆಯಬಹುದು.

ಅಮೆರಿಕದಲ್ಲಿ ಒಂದು ಹವ್ಯಾಸವಿದೆ. ಸೈನ್ಯಗಳು ಕೈಬಿಟ್ಟ ಹಳೆಯ ರೈಫಲ್‌ಗಳ ನಡುಭಾಗವನ್ನು, ಅಂದರೆ ನಳಿಗೆ, ತೋಟಾವನ್ನು ಹಿಂದಿನಿಂದ ಒತ್ತಿ ಹಿಡಿಯುವ ಬೋಲ್ಟ್, ಕುದುರೆ ಎಲ್ಲವನ್ನೂ ಹಿಡಿದಿಡುವ ರಿಸೀವರನ್ನು, ಗ್ಯಾಸ್ ಜ್ವಾಲೆಯಿಂದ ತುಂಡು ಮಾಡುತ್ತಾರೆ. ಉಳಿದ ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಮಾರಾಟಕ್ಕೆ ಬರುತ್ತವೆ. ಹವ್ಯಾಸಿಗಳು ಅವನ್ನು ಕೊಂಡು, ಹೊಸ ರಿಸೀವರಿಗೆ ಜೋಡಿಸಿ ರೈಫಲ್ ಮಾಡಿಕೊಳ್ಳುತ್ತಾರೆ. ಅಲ್ಲಿನ ಕಾನೂನಿನ ಕಣ್ಣಿಗೆ ರಿಸೀವರ್ ಒಂದೇ ಬಂದೂಕು, ಮಿಕ್ಕಿದ್ದು ಬರೀ ಸಾಮಾನು. ಭೌತವಿಜ್ಞಾನಕ್ಕೆ ಈ ವಿಂಗಡಣೆ ಗೊತ್ತಿಲ್ಲ. ಕುದುರೆ ಎಳೆದ ಗಳಿಗೆಯಲ್ಲಿ ಎಲ್ಲ ಭಾಗಗಳೂ ಒಟ್ಟಿಗೇ ಪರೀಕ್ಷೆಗೆ ಒಳಗಾಗುತ್ತವೆ.

ನಮ್ಮ ಪೊಲೀಸರ ಹೆಗಲಲ್ಲಿ ದಶಕಗಳ ಕಾಲ ಇದ್ದ .303 ಲೀ-ಎನ್‌ಫೀಲ್ಡ್ ರೈಫಲ್ಲನ್ನೇ ತೆಗೆದುಕೊಳ್ಳಿ. ಪಶ್ಚಿಮ ಬಂಗಾಳದ ಈಶಾಪುರದ ಕಾರ್ಖಾನೆ ಇದನ್ನು ಲಕ್ಷಗಟ್ಟಲೆ ತಯಾರಿಸಿತು. ಅದರ ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಗಿ ಕೊರೆದ ತೋಡುಗಳಿವೆ. 10 ಅಂಗುಲಕ್ಕೆ ಒಂದು ಸುತ್ತು ಬರುವ ಈ ಸುರುಳಿಯಲ್ಲಿ ಸೆಕೆಂಡಿಗೆ ಸುಮಾರು 740 ಮೀಟರ್ ವೇಗದಲ್ಲಿ ಹೊರಬೀಳುವ ಗುಂಡು ಸೆಕೆಂಡಿಗೆ 2900 ಸುತ್ತು ತಿರುಗುತ್ತದೆ. ತಿರುಗುವ ವಸ್ತು ತನ್ನ ಅಕ್ಷವನ್ನು ಸುಲಭವಾಗಿ ಬಿಟ್ಟುಕೊಡದು, ಹಾಗಾಗಿ ಗುಂಡು ಲಾಗ ಹಾಕದೆ ಮೂತಿ ಮುಂದಾಗಿಯೇ ಹಾರುತ್ತದೆ. ನಾಡಬಂದೂಕಿನ ನಳಿಗೆಗೆ ಈ ಸುರುಳಿಯಿಲ್ಲ. ಅದರ ಗುರಿ ದೂರಕ್ಕೆ ಕೆಡುವುದು ಹೊಡೆಯುವವನ ಕೈದೋಷದಿಂದ ಮಾತ್ರವಲ್ಲ.

ಗುರಿಗಿಂತ ಮುಖ್ಯವಾದದ್ದು ಒತ್ತಡ. ತೋಟಾದೊಳಗಿನ ಮದ್ದು ಉರಿದಾಗ ಹುಟ್ಟುವ ಅನಿಲದ ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು 3000 ಪಟ್ಟು. ಅದು ಏರಿ ಇಳಿಯುವುದು ಸೆಕೆಂಡಿನ ಸಾವಿರದ ಒಂದೆರಡು ಪಾಲಿನಲ್ಲಿ. ಆ ಹೊತ್ತಿನಲ್ಲಿ ತೋಟಾದ ತೆಳ್ಳನೆಯ ಹಿತ್ತಾಳೆ ಕವಚ ಹಿಗ್ಗಿ ನಳಿಗೆಯ ಗೋಡೆಗೆ ಅಂಟಿ, ಅನಿಲ ಹಿಂದಕ್ಕೆ ಬಾರದಂತೆ ತಡೆಯಬೇಕು. ಕವಚದ ಬುಡಕ್ಕೂ ಬೋಲ್ಟಿನ ಮುಖಕ್ಕೂ ನಡುವಿನ ಸಂದು ಹೆಚ್ಚಾದರೆ ಹಿತ್ತಾಳೆ ಹಿಂದಕ್ಕೆ ಜಗ್ಗಿ ಹರಿಯುತ್ತದೆ. ಆಗ ಕಾದ ಅನಿಲ ನುಗ್ಗುವುದು ಗುರಿ ಹಿಡಿದವನ ಮುಖದತ್ತ. ಈ ಸಂದು ಸರಿಹೊಂದಿಸಲೆಂದೇ .303ರ ನಂ. 4 ಮಾದರಿಗೆ 0, 1, 2, 3 ಎಂದು ಅಂಕಿ ಒತ್ತಿದ ಬೇರೆ ಬೇರೆ ಬೋಲ್ಟ್ ತಲೆಗಳಿದ್ದವು. ಒಂದಕ್ಕೂ ಇನ್ನೊಂದಕ್ಕೂ ಇದ್ದ ವ್ಯತ್ಯಾಸ ಸುಮಾರು ಮಿಲಿಮೀಟರಿನ ಹತ್ತನೇ ಒಂದು ಪಾಲು. ಒಂದು ಬಂದೂಕಿನ ಬೋಲ್ಟ್ ಇನ್ನೊಂದಕ್ಕೆ ಸಲೀಸಾಗಿ ಕೂತಿತು ಎಂದ ಮಾತ್ರಕ್ಕೆ ಅದು ಹೊಂದಿತು ಎನ್ನುವಂತಿಲ್ಲ.

ಅಳತೆಯಾದ ಮೇಲೆ ಹದ. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸರ್ಕಾರಿ ಕಾರ್ಖಾನೆಗಳು ಮಾಡಿದ 1903ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ರೈಫಲ್‌ಗಳಲ್ಲಿ ಕೆಲವು ಸಿಡಿದವು. 1917ರಲ್ಲಿ ತನಿಖೆ ನಡೆಯಿತು. ಅನುಭವಸ್ಥ ಕೆಲಸಗಾರರು ಕುಲುಮೆಯಲ್ಲಿ ಉಕ್ಕಿನ ಬಣ್ಣ ನೋಡಿ ಶಾಖ ಅಂದಾಜಿಸುತ್ತಿದ್ದರು. ಬಿಸಿಲು ಚೆನ್ನಾಗಿದ್ದ ದಿನ ಅದೇ ಕೆಂಪು ಮಂಕಾಗಿ ಕಾಣುತ್ತಿತ್ತು, ಇನ್ನೂ ಕಾಯಬೇಕೆಂದು ಬಿಟ್ಟ ರಿಸೀವರ್‌ಗಳು ಮಿತಿಮೀರಿ ಕಾದು ಪೆಡಸಾಗುತ್ತಿದ್ದವು. ಬಳಿಕ ಶಾಖಮಾಪಕ ಬಂತು, ಹದ ಹಾಕುವ ಕ್ರಮವೇ ಬದಲಾಯಿತು. ಆದರೂ ಅದಕ್ಕೂ ಮುಂಚೆ ಕಾರ್ಖಾನೆ ಬಿಟ್ಟ ಲಕ್ಷಾಂತರ ರೈಫಲ್‌ಗಳನ್ನು ಬಲ್ಲವರು ಇಂದಿಗೂ ಹಾರಿಸಲು ಹಿಂಜರಿಯುತ್ತಾರೆ. ಸರ್ಕಾರಿ ಕಾರ್ಖಾನೆಯ ನುರಿತ ಕಣ್ಣೇ ಸೋತಿರುವಾಗ, ತುಂಡಾದ ಹಳೆಯ ರಿಸೀವರನ್ನು ಯಾರಾದರೂ ಮತ್ತೆ ವೆಲ್ಡ್ ಮಾಡಿದರೆ ಏನಾದೀತು? ಬೆಸುಗೆಯ ಶಾಖಕ್ಕೆ ಅಕ್ಕಪಕ್ಕದ ಉಕ್ಕಿನ ಹದ ಹಾಳಾಗುತ್ತದೆ. ಮೇಲ್ಮೈ ನುಣ್ಣಗೆ ಹೊಳೆಯುತ್ತಿರುತ್ತದೆ, ದೌರ್ಬಲ್ಯ ಕಣ್ಣಿಗೆ ಬೀಳುವುದಿಲ್ಲ.

ಈಶಾಪುರದವರು ಇದನ್ನು ಸರಿಯಾಗಿ ಅರಿತಿದ್ದರು. 1962ರ ಚೀನಾ ಯುದ್ಧದ ನಂತರ ಹಳೆಯ .303ರ ವಿನ್ಯಾಸವನ್ನು 7.62 ಮಿಮೀ ತೋಟಾಕ್ಕೆ ಒಗ್ಗಿಸಬೇಕಾದಾಗ ನಳಿಗೆ ಬದಲಿಸಿ ಕೈತೊಳೆದುಕೊಳ್ಳಲಿಲ್ಲ. ಹೊಸ ತೋಟಾದ ಒತ್ತಡ ಹೆಚ್ಚೆಂದು ಉಕ್ಕನ್ನೇ ಬದಲಿಸಿದರು. ಯಾವ ಬಂದೂಕೂ ಬಳಕೆಗೆ ಹೋಗುವ ಮೊದಲು, ಮಾಮೂಲಿಗಿಂತ ಹೆಚ್ಚು ಒತ್ತಡ ಕೊಡುವ ತೋಟಾ ಹಾರಿಸಿ ತಾಳಿದರೆ ಮಾತ್ರ ಮುದ್ರೆ ಒತ್ತುವ ಪದ್ಧತಿಯೂ ಇದಕ್ಕಾಗಿಯೇ ಇದೆ.

ನಮ್ಮ ಸೀಮೆಗೆ ಉಕ್ಕಿನ ನಂಟು ಹಳೆಯದು. ಚಿಕ್ಕನಾಯಕನಹಳ್ಳಿಯ ಬೆಟ್ಟಗಳ ಕಬ್ಬಿಣದ ಅದಿರಿನ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ 2011ರಲ್ಲಿ ತಡೆ ಹಾಕಿದ್ದು ಎಲ್ಲರಿಗೂ ಗೊತ್ತು. ಇದೇ ಜಿಲ್ಲೆಯ ಚನ್ನರಾಯನದುರ್ಗದ ಉಕ್ಕಿನ ತಂತಿ ಒಂದು ಕಾಲಕ್ಕೆ ಸಂಗೀತ ವಾದ್ಯಗಳಿಗೆಂದು ದೂರದ ಊರುಗಳಿಗೆ ಹೋಗುತ್ತಿತ್ತು. ಕಾಯಿ ಸುಲಿಯುವ ಯಂತ್ರ, ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಇಂದಿನ ವೆಲ್ಡಿಂಗ್ ಶಾಪಿನ ಹುಡುಗರ ಕೈಚಳಕವನ್ನು ನಾನು ಮೆಚ್ಚುತ್ತೇನೆ. ಆದರೆ ಆ ಕೈ ಬಂದೂಕಿನ ಮೇಲೆ ಆಡಬಾರದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಿಡಿಭಾಗವೂ ಆಯುಧವೇ, ತಯಾರಿಸುವ ಯಂತ್ರವೂ ಆಯುಧವೇ. ತಯಾರಿಕೆಗಷ್ಟೇ ಅಲ್ಲ, ರಿಪೇರಿಗೂ ಪರವಾನಗಿ ಬೇಕು. 2019ರ ತಿದ್ದುಪಡಿಯ ಬಳಿಕ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಮಾಡುವುದಕ್ಕಲ್ಲ. ಅಮೆರಿಕದ ಹವ್ಯಾಸದ ವಿಡಿಯೊ ನೋಡಿ ಉತ್ಸಾಹ ತಂದುಕೊಳ್ಳುವವರು ಇದನ್ನು ತಿಳಿದಿರಲಿ.

ಹಂದಿ, ಕರಡಿಯ ಕಾಟಕ್ಕೆಂದು ಹಿಂದಿನವರು ಬೆಳೆ ರಕ್ಷಣೆಯ ಪರವಾನಗಿ ಪಡೆದು ಕೊಂಡ ಕೋವಿಗಳು ತೋಟದ ಮನೆಗಳಲ್ಲಿ ಇವೆ. ಯಜಮಾನರು ತೀರಿಕೊಂಡಿದ್ದರೆ ಅವರ ಪರವಾನಗಿ ತಾನಾಗಿ ಮಕ್ಕಳಿಗೆ ಬರುವುದಿಲ್ಲ. ಅಂಥ ಕೋವಿ ನಿಮ್ಮ ಮನೆಯಲ್ಲಿದ್ದರೆ ಮದ್ದು ತುಂಬಿ ನೋಡಲು ಹೋಗಬೇಡಿ, ತುಕ್ಕು ಹಿಡಿದ ಭಾಗಕ್ಕೆ ಬೆಸುಗೆ ಹಾಕಿಸಬೇಡಿ. ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೋ ಪರವಾನಗಿ ಇರುವ ಬಂದೂಕು ವ್ಯಾಪಾರಿಗೋ ಒಪ್ಪಿಸಿ, ರಸೀದಿ ಪಡೆದುಕೊಳ್ಳಿ.