ಟಾಹೋ ಸರೋವರದ ತಡಿಯಲ್ಲಿ ಶರತ್ಕಾಲ

ಬೆಟ್ಟದ ಮೇಲಿನ ಕೆರೆ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಊಟಿಯ ಕೆರೆ, ಇಲ್ಲವೆ ಕೊಡೈಕನಾಲಿನ ಕೆರೆ. ಎರಡೂ ಮನುಷ್ಯನು ಒಡ್ಡು ಕಟ್ಟಿ ನಿಲ್ಲಿಸಿದ ನೀರು. ಬಾಡಿಗೆಯ ಬೈಸಿಕಲ್ ಹತ್ತಿದರೆ ಗಂಟೆಯೊಳಗೆ ಸುತ್ತಿಬರಬಹುದು. ಅಮೆರಿಕಾ ದೇಶದ ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ಸಂಸ್ಥಾನಗಳ ಗಡಿಯ ಮೇಲಿರುವ ಟಾಹೋ ಸರೋವರವು ಈ ಜಾತಿಗೆ ಸೇರಿದ್ದಲ್ಲ. ಭೂಮಿಯ ಹೊರಪದರವು ಬಿರುಕುಬಿಟ್ಟು, ಎರಡು ಪರ್ವತಶ್ರೇಣಿಗಳ ನಡುವಿನ ನೆಲ ಕುಸಿದು ಉಂಟಾದ ತೊಟ್ಟಿ ಅದು. ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿದೆ; ಉದ್ದ 35 ಕಿಲೋಮೀಟರ್, ಅಗಲ 19. ಅತ್ಯಂತ ಆಳವಾದ ಎಡೆಯಲ್ಲಿ 501 ಮೀಟರ್. ನಮ್ಮ ಜೋಗದ ಜಲಪಾತವನ್ನು ಅದರೊಳಗೆ ನಿಲ್ಲಿಸಿದರೆ ತುದಿಯ ಮೇಲೆ ಇನ್ನೂ ಒಂದು ಜೋಗದಷ್ಟೇ ನೀರು ನಿಂತಿರುತ್ತದೆ! ಅರುವತ್ತಮೂರು ಹೊಳೆಗಳು ಅದಕ್ಕೆ ಬಂದು ಸೇರುತ್ತವೆ. ಹೊರಟುಹೋಗುವುದು ಟ್ರಕೀ ಎಂಬ ಒಂದೇ ಒಂದು ನದಿ. ಅದೂ ಸಮುದ್ರವನ್ನು ಮುಟ್ಟದೆ ನೆವಾಡಾದ ಮರುಭೂಮಿಯ ಪಿರಮಿಡ್ ಸರೋವರದಲ್ಲಿ ಕೊನೆಗಾಣುತ್ತದೆ.

ಈ ಸರೋವರದ ಸುತ್ತಿನ ದಾರಿಗಳಲ್ಲಿ ಕಾಲ್ನಡಿಗೆಯಿಂದಲೋ ಬೈಸಿಕಲ್ಲಿನಿಂದಲೋ ಒಂದು ದಿನ ಕಳೆಯಬೇಕೆನ್ನುವವರಿಗೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನ ತನಕ ಒಳ್ಳೆಯ ಕಾಲ. ಬೇಸಿಗೆಯ ಜನಜಂಗುಳಿ ಕರಗಿರುತ್ತದೆ; ಹಿಮ ಇನ್ನೂ ದಾರಿ ಮುಚ್ಚಿರುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ನೆಲೆಸಿರುವ ಕನ್ನಡಿಗರಿಗೆ ಮೋಟಾರಿನಲ್ಲಿ ಸುಮಾರು ನಾಲ್ಕು ಗಂಟೆಗಳ ಹಾದಿ. ಭೌತಶಾಸ್ತ್ರವನ್ನು ಓದುತ್ತಿರುವ ವಿದ್ಯಾರ್ಥಿಗಾದರೋ ಆ ಹಾದಿಯೆಲ್ಲ ಒಂದು ಪ್ರಯೋಗಶಾಲೆ.

ಬೈಸಿಕಲ್ ಸವಾರರು ಮೆಚ್ಚುವುದು ಪೂರ್ವದಂಡೆಯ ಮೇಲಣ 'ಫ್ಲೂಮ್' ದಾರಿಯನ್ನು. ಸ್ಪೂನರ್ ಎಂಬ ಪುಟ್ಟ ಕೆರೆಯ ಬಳಿಯಿಂದ ಹೊರಟು ಆಸ್ಪೆನ್ ಮರಗಳ ಕಣಿವೆಯಲ್ಲಿ ಸುಮಾರು 300 ಮೀಟರ್ ಎತ್ತರ ಏರಬೇಕು. ಸವಾರನೂ ಗಾಡಿಯೂ ಸೇರಿ 85 ಕಿಲೋಗ್ರಾಂ ತೂಗಿದರೆ ಇದಕ್ಕೆ ಬೇಕಾಗುವ ಕೆಲಸ ಎರಡೂವರೆ ಲಕ್ಷ ಜೂಲ್. ಒಂದು ಗಂಟೆಯಲ್ಲಿ ಏರಿದರೆ ಎಪ್ಪತ್ತು ವಾಟ್; ಚಕ್ರದ ಘರ್ಷಣೆಯ ಲೆಕ್ಕ ಬೇರೆ. ಇದೇನು ಮಹಾ ಎನ್ನಬೇಡಿ. ಅಷ್ಟು ಎತ್ತರದಲ್ಲಿ ವಾಯುಭಾರವು ಸಮುದ್ರಮಟ್ಟದಲ್ಲಿರುವುದರ ಮುಕ್ಕಾಲು ಪಾಲು ಮಾತ್ರ. ಒಂದೊಂದು ಉಸಿರಿಗೂ ದೊರಕುವ ಆಮ್ಲಜನಕ ಅಷ್ಟೇ ಕಡಿಮೆ. ಹಿಂದಿನ ದಿನವೇ ಸರೋವರದ ತಡಿಯಲ್ಲಿ ತಂಗಿ ಮೈಯನ್ನು ಒಗ್ಗಿಸಿಕೊಂಡವನು ಜಾಣ.

ದಣಿದು ನಿಂತಾಗ ಆಸ್ಪೆನ್ ಎಲೆಗಳನ್ನು ನೋಡಬೇಕು. ಗಾಳಿಯೇ ಇಲ್ಲವೆಂದು ತೋರುವಾಗಲೂ ಅವು ನಮ್ಮ ಅರಳಿ ಎಲೆಗಳಂತೆ ಅಲುಗುತ್ತಿರುತ್ತವೆ. ತೊಟ್ಟು ಉದ್ದವಾಗಿದ್ದು, ಎಲೆಯ ಹರವಿಗೆ ಅಡ್ಡಲಾಗಿ ಚಪ್ಪಟೆಯಾಗಿರುವುದೇ ಕಾರಣ: ಒಂದು ದಿಕ್ಕಿನಲ್ಲಿ ಅದು ಬಲು ಸುಲಭವಾಗಿ ಬಾಗುತ್ತದೆ. ಶರತ್ಕಾಲದಲ್ಲಿ ಈ ಎಲೆಗಳಿಗೆ ಹೊಸದಾಗಿ ಯಾರೂ ಹಳದಿ ಬಣ್ಣ ಬಳಿಯುವುದಿಲ್ಲ. ಹಳದಿ ಮೊದಲೇ ಇತ್ತು. ಪತ್ರಹರಿತ್ತು ಕರಗಿದಮೇಲೆ ಕಣ್ಣಿಗೆ ಬೀಳುತ್ತದೆ.

ಮಾರ್ಲೆಟ್ ಸರೋವರವನ್ನು ದಾಟಿದಮೇಲೆ ದಾರಿ ಇದ್ದಕ್ಕಿದ್ದಂತೆ ಮಟ್ಟಸವಾಗುತ್ತದೆ. ಕಡಿದಾದ ಬೆಟ್ಟದ ಪಕ್ಕದಲ್ಲಿ, ಟಾಹೋ ನೀರಿನಿಂದ ಸುಮಾರು 450 ಮೀಟರ್ ಮೇಲೆ, ಗೆರೆ ಎಳೆದಂತೆ ಹೋಗುವ ಈ ಹಾದಿ ಹತ್ತೊಂಬತ್ತನೆಯ ಶತಮಾನದ ಮರದ ನೀರ್ಗಾಲುವೆಯೊಂದರ ಪಾತ್ರ. ವರ್ಜೀನಿಯಾ ಸಿಟಿಯ ಬೆಳ್ಳಿಯ ಗಣಿಗಳಿಗೆ ನೀರು ಬೇಕಾಗಿತ್ತು. ನಡುವೆ ವಾಷೋ ಕಣಿವೆ ಅಡ್ಡ ಬಂದಿತು. ಹರ್ಮನ್ ಶುಸ್ಲರ್ ಎಂಬ ಇಂಜಿನಿಯರು 1873ರಲ್ಲಿ ಕಬ್ಬಿಣದ ಕೊಳವೆಯನ್ನು ಕಣಿವೆಯೊಳಕ್ಕೆ ಇಳಿಸಿ ಆಚೆಯ ಬೆಟ್ಟಕ್ಕೆ ಏರಿಸಿದನು. ಯು ಆಕಾರದ ಕೊಳವೆಯಲ್ಲಿ ನೀರು ತನ್ನ ಮಟ್ಟವನ್ನು ತಾನೇ ಹುಡುಕಿಕೊಳ್ಳುತ್ತದೆಂಬ ತತ್ತ್ವ ಪ್ರೌಢಶಾಲೆಯ ಮಕ್ಕಳಿಗೂ ತಿಳಿದದ್ದೇ. ಆದರೆ ಇಲ್ಲಿ ಕಣಿವೆಯ ತಳದಲ್ಲಿ ಕೊಳವೆಯು ತಡೆಯಬೇಕಾಗಿದ್ದುದು 1,720 ಅಡಿ ನೀರಿನ ಕಂಬದ ಒತ್ತಡವನ್ನು, ಅಂದರೆ ವಾಯುಭಾರದ ಸುಮಾರು ಐವತ್ತರಷ್ಟನ್ನು. ಕೆಲವು ವರ್ಷಗಳಲ್ಲಿ ಮಾರ್ಲೆಟ್ ನೀರನ್ನೂ ಈ ವ್ಯವಸ್ಥೆಗೆ ಕೂಡಿಸಿದರು. ಅದೇ ಗಣಿಗಳ ಮರಮುಟ್ಟಿಗಾಗಿ ಟಾಹೋ ಸುತ್ತಿನ ಕಾಡು ಬಹುಮಟ್ಟಿಗೆ ನೆಲಸಮವಾಯಿತು. ಇಂದು ಸವಾರನಿಗೆ ನೆರಳು ಕೊಡುವ ಮರಗಳಲ್ಲಿ ಹೆಚ್ಚಿನವು ಆಮೇಲೆ ಬೆಳೆದವು.

ದಾರಿಯ ಕೊನೆಯಲ್ಲಿ ಸರೋವರದ ಮಟ್ಟಕ್ಕೆ ಇಳಿಯಬೇಕು. ಏರುವಾಗ ಮೈಯಿಂದ ತೆತ್ತ ಶಕ್ತಿಯನ್ನು ಇಳಿಯುವಾಗ ಬ್ರೇಕು ತಿನ್ನುತ್ತದೆ. 450 ಮೀಟರ್ ಇಳಿತವೆಂದರೆ ಸುಮಾರು ತೊಂಬತ್ತು ಕಿಲೋಕ್ಯಾಲೊರಿ ಶಾಖ. ಹೊಳೆಯ ತಣ್ಣೀರನ್ನು ಒಂದು ಲೀಟರಿನಷ್ಟು ಕುದಿಸುವುದಕ್ಕೆ ಅಷ್ಟು ಸಾಕು. ಏಕೆಂದರೆ ಟಾಹೋ ತಡಿಯಲ್ಲಿ ನೀರು ಕುದಿಯುವುದು 94 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೇ. (ಅಲ್ಲಿ ಅನ್ನ ಬೇಯುವುದು ತಡವಾಗುತ್ತದೆಂದು ಗೃಹಿಣಿಯರು ದೂರುವುದು ನ್ಯಾಯವೇ.) ಆದುದರಿಂದ ಬ್ರೇಕನ್ನು ಬಿಗಿಹಿಡಿದೇ ಇಳಿಯಬಾರದು, ಬಿಟ್ಟು ಬಿಟ್ಟು ಹಿಡಿದು, ಅದು ಆರಲು ಅವಕಾಶ ಕೊಡಬೇಕು.

ನಡೆಯುವವರಿಗೆ ಪಶ್ಚಿಮದಂಡೆ ಲೇಸು. ರೂಬಿಕಾನ್ ದಾರಿಯು ನೀರಿನ ಅಂಚಿನಲ್ಲೇ ಗ್ರಾನೈಟ್ ಬಂಡೆಗಳ ಮೇಲೆ ಸಾಗಿ ಎಮರಾಲ್ಡ್ ಕೊಲ್ಲಿಯನ್ನು ಮುಟ್ಟುತ್ತದೆ. ಟಾಹೋದ ಒಂದೇ ದ್ವೀಪವಾದ ಫ್ಯಾನೆಟ್ ಆ ಕೊಲ್ಲಿಯಲ್ಲಿದೆ. ಅಲ್ಲಿಂದ ದಕ್ಷಿಣಕ್ಕೆ, ಟೇಲರ್ ಎಂಬ ಹೊಳೆಯಲ್ಲಿ, ಅಕ್ಟೋಬರಿನಲ್ಲಿ ಕೊಕಾನಿ ಮೀನುಗಳು ಕೆಂಪೇರಿ ಮೊಟ್ಟೆಯಿಡಲು ಮೇಲೇರಿ ಬರುತ್ತವೆ. ಅವು ಅಲ್ಲಿನ ಮೂಲನಿವಾಸಿಗಳಲ್ಲ. 1944ರಲ್ಲಿ ಹೊರಗಿನಿಂದ ಬಂದು ಸೇರಿದವು. ವಾಷೋ ಜನಾಂಗದವರು ಮಾತ್ರ ಸಾವಿರಾರು ವರ್ಷಗಳಿಂದ ಈ ತಡಿಯವರು. 'ಟಾಹೋ' ಎಂಬ ಹೆಸರೂ ಅವರ ಭಾಷೆಯದೇ.

ಇನ್ನು ನೀರಿನ ವಿಷಯ. ದಂಡೆಯಲ್ಲಿ ನಿಂತವನಿಗೆ ಮೊದಲು ಹುಟ್ಟುವ ಪ್ರಶ್ನೆ, ಇಷ್ಟು ನೀಲಿ ಎಲ್ಲಿಂದ ಬಂತು ಎಂಬುದು. 1873ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಭೌತಶಾಸ್ತ್ರದ ಪ್ರಾಧ್ಯಾಪಕ ಜಾನ್ ಲೆಕಾಂಟ್ ಇದೇ ಪ್ರಶ್ನೆಯೊಡನೆ ಅಲ್ಲಿಗೆ ಹೋಗಿದ್ದರು. ನೀರಿನಲ್ಲಿ ತೇಲುವ ಅತಿಸೂಕ್ಷ್ಮ ಕಣಗಳು ಬೆಳಕನ್ನು ಚದುರಿಸುವುದೇ ಕಾರಣವೆಂಬುದು ಅವರ ನಿಲುವು. ಕಡಲಿನ ನೀಲಿಯು ಆಕಾಶದ ಪ್ರತಿಬಿಂಬವೆಂದು ರೇಲಿಯಂಥವರೇ ನಂಬಿದ್ದರು. 1921ರಲ್ಲಿ ಮೆಡಿಟರೇನಿಯನ್ ಸಮುದ್ರವನ್ನು ದಾಟುತ್ತಿದ್ದ ಸಿ. ವಿ. ರಾಮನ್ ಅವರು ಹಡಗಿನ ಅಟ್ಟದಿಂದಲೇ, ನಿಕಲ್ ಪಟ್ಟಕವೊಂದನ್ನು ಕಣ್ಣಿಗೆ ಹಿಡಿದು ಆ ಪ್ರತಿಬಿಂಬವನ್ನು ಅಳಿಸಿ ನೋಡಿದರು. ನೀಲಿ ಅಳಿಯಲಿಲ್ಲ, ಇನ್ನೂ ಗಾಢವಾಯಿತು! ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಂದು ಅವರು ತೋರಿಸಿದರು. ಇದರ ಜೊತೆಗೆ ನೀರು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಎರಡೂ ಸೇರಿ ಈ ಬಣ್ಣ. ಪೋಲರಾಯ್ಡ್ ಕನ್ನಡಕವಿದ್ದವರು ಟಾಹೋ ತಡಿಯಲ್ಲಿ ರಾಮನ್ನರ ಪ್ರಯೋಗವನ್ನು ತಾವೇ ಮಾಡಬಹುದು: ದೃಷ್ಟಿಯು ಕ್ಷಿತಿಜದಿಂದ 37 ಡಿಗ್ರಿ ಕೆಳಗೆ ನೀರಿಗೆ ತಾಗುವಂತೆ ನಿಂತು, ಕನ್ನಡಕವನ್ನು ನಿಧಾನವಾಗಿ ತಿರುಗಿಸಬೇಕು.

ಲೆಕಾಂಟರ ಇನ್ನೊಂದು ಪ್ರಯೋಗ ಇನ್ನೂ ಸರಳವಾದದ್ದು. ಊಟದ ಬಿಳಿ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿದರು. ಅದು ಕಣ್ಮರೆಯಾದದ್ದು 108 ಅಡಿ ಆಳದಲ್ಲಿ, ಎಂದರೆ 33 ಮೀಟರಿನಲ್ಲಿ. 1968ರಿಂದ ಡೇವಿಸ್ ನಗರದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದವರು ಅಂಥದೇ ಬಿಳಿ ತಟ್ಟೆಯಿಂದ ಕ್ರಮವಾಗಿ ಅಳೆಯುತ್ತ ಬಂದಿದ್ದಾರೆ. ಮೊದಲ ವರ್ಷದ ಸರಾಸರಿ ನೂರು ಅಡಿಗಿಂತ ತುಸು ಹೆಚ್ಚು. 2017ರಲ್ಲಿ ಅದು ಅರುವತ್ತು ಅಡಿಗೂ ಕೆಳಗಿಳಿದಿತ್ತು. ಲೆಕಾಂಟರದು ಒಂದು ದಿನದ ವೀಕ್ಷಣೆ, ಇವು ವರ್ಷದ ಸರಾಸರಿ. ಆದುದರಿಂದ ಅವರ ಅಂಕಿಯನ್ನು ಇವುಗಳ ಪಕ್ಕದಲ್ಲಿಟ್ಟು ಹೋಲಿಸುವುದು ಸರಿಯಲ್ಲ. ಆದರೆ 1968ರಿಂದೀಚಿನ ಸಾಲೊಂದೇ ಸಾಕು, ಕಳವಳಪಡಲು.

ಕಾಣೆಯಾದ ಆ ನಲವತ್ತು ಅಡಿಗಳನ್ನು ಕದ್ದವರು ಯಾರು? ಬಹುಪಾಲು ದೂಳು, ಅದರೊಡನೆ ಸೂಕ್ಷ್ಮ ಪಾಚಿ. ರಸ್ತೆಗಳಿಂದಲೂ ಕಟ್ಟಡದ ನೆಲದಿಂದಲೂ ಸವೆದ ದಾರಿಗಳಿಂದಲೂ ಮಳೆಯ ಮತ್ತು ಕರಗಿದ ಹಿಮದ ನೀರು ಹೊತ್ತು ತರುವ ನುಣ್ಣನೆಯ ಪುಡಿ. ದೊಡ್ಡ ಮರಳು ತಕ್ಷಣ ತಳ ಸೇರುತ್ತದೆ. ಅದರಿಂದ ಈ ಕೇಡಿಲ್ಲ. ಹರಳೆಣ್ಣೆಯ ಜಾಡಿಯೊಳಗೆ ಗುಂಡು ಬಿಟ್ಟು ಸ್ನಿಗ್ಧತೆಯನ್ನು ಅಳೆದಿರುವ ವಿದ್ಯಾರ್ಥಿಗಳು ಸ್ಟೋಕ್ಸ್ ನಿಯಮವನ್ನು ಇಲ್ಲಿ ಹಚ್ಚಿ ನೋಡಲಿ. ಬೀಳುವ ವೇಗವು ತ್ರಿಜ್ಯದ ವರ್ಗಕ್ಕೆ ಅನುಗುಣ. ತಣ್ಣನೆಯ ನೀರಿನಲ್ಲಿ 16 ಮೈಕ್ರಾನ್ ವ್ಯಾಸದ ಕಣ ದಿನಕ್ಕೆ 13 ಮೀಟರ್ ಇಳಿದು ಐದು ನೂರು ಮೀಟರನ್ನು ಸುಮಾರು ನಲವತ್ತು ದಿನಗಳಲ್ಲಿ ಮುಗಿಸುತ್ತದೆ. ಎರಡು ಮೈಕ್ರಾನಿನ ಕಣವು ಅದರ ಅರುವತ್ತನಾಲ್ಕನೆಯ ಒಂದು ಪಾಲು ವೇಗದಲ್ಲಿ ದಿನಕ್ಕೆ ಇಪ್ಪತ್ತು ಸೆಂಟಿಮೀಟರಿನಷ್ಟು ಜಾರುತ್ತದೆ. ತಳ ಮುಟ್ಟಲು ಆರು ವರ್ಷಕ್ಕೂ ಮಿಗಿಲು. ಇದು ನೀರು ಅಲುಗಾಡದಿದ್ದರೆ. ಗಾಳಿ ಕಡೆದಷ್ಟೂ ಅದು ಮತ್ತೆ ಮೇಲಕ್ಕೆ. ಕಣಗಳು ಒಂದಕ್ಕೊಂದು ಅಂಟಿಕೊಂಡು ದೊಡ್ಡವಾಗುವುದುಂಟು. ಸರೋವರಕ್ಕಿರುವ ಒಂದು ಸಮಾಧಾನ ಅದೇ. ಟಾಹೋವನ್ನು ಸೇರಿದ ನೀರು ಹೊರಗೆ ಹೋಗಲು ಸರಾಸರಿ ಆರು ನೂರು ವರ್ಷಗಳಿಗೂ ಹೆಚ್ಚು ಬೇಕಾಗುವುದರಿಂದ, ತೊಳೆದುಹೋದೀತು ಎಂಬ ಭರವಸೆಯಂತೂ ಇಲ್ಲ.

ನಾವು ನಡೆದಾಡುವ ಅಕ್ಟೋಬರಿನಲ್ಲೇ ಈ ಕಡೆತ ಮೊದಲಾಗುತ್ತದೆ. ರಾತ್ರಿಯ ಚಳಿಗೆ ಮೇಲಿನ ನೀರು ತಣಿದು, ಭಾರವಾಗಿ ಕೆಳಗಿಳಿಯುತ್ತದೆ. ಬೆಚ್ಚನೆಯದು ಅದರ ಎಡೆಗೆ ಬರುತ್ತದೆ. ಇಡೀ ಕಂಬವು 4 ಡಿಗ್ರಿಯ ಆಸುಪಾಸಿಗೆ ತಣಿಯದ ಹೊರತು ಮೇಲ್ಮೈ ಹೆಪ್ಪುಗಟ್ಟುವಂತಿಲ್ಲ. ಅಷ್ಟು ನೀರನ್ನು ತಣಿಸಲು ಒಂದು ಚಳಿಗಾಲ ಸಾಲದು. ಸ್ಪೂನರ್ ಕೆರೆ ಹೆಪ್ಪುಗಟ್ಟಿದಾಗಲೂ ಟಾಹೋ ದ್ರವವಾಗಿಯೇ ಇರುವುದು ಈ ಕಾರಣದಿಂದ. ಫೆಬ್ರವರಿ ಮಾರ್ಚಿನ ಹೊತ್ತಿಗೆ, ಕೆಲವು ವರ್ಷಗಳಲ್ಲಿ ಮಾತ್ರ, ಕಡೆತ ತಳವನ್ನು ಮುಟ್ಟಿ ಅಲ್ಲಿಗೆ ಆಮ್ಲಜನಕವನ್ನು ಒಯ್ಯುತ್ತದೆ. ಚಳಿಗಾಲಗಳು ಬೆಚ್ಚಗಾದಷ್ಟೂ ಅಂಥ ವರ್ಷಗಳು ವಿರಳವಾಗುತ್ತವೆ.

ಎರಡು ಸಂಸ್ಥಾನಗಳೂ ಕೂಡಿ 97.4 ಅಡಿಯ ಗುರಿ ಇಟ್ಟುಕೊಂಡಿವೆ. ಅದಕ್ಕಾಗಿ ರಸ್ತೆಯ ನೀರನ್ನು ತಡೆದು ಸೋಸುವ ಕೊಳಗಳನ್ನು ತೋಡಿದ್ದಾರೆ, ಕೆಟ್ಟ ಜೌಗುಗಳನ್ನು ಮರಳಿ ಬೆಳೆಸುತ್ತಿದ್ದಾರೆ, ಇನ್‌ಕ್ಲೈನ್ ಗ್ರಾಮದಿಂದ ಸ್ಯಾಂಡ್ ಹಾರ್ಬರಿನವರೆಗೆ ಮೂರು ಮೈಲಿಗಳ ಕಾಂಕ್ರೀಟಿನ ಹಾದಿಯೊಂದನ್ನು ನಡೆಯುವವರಿಗೂ ಬೈಸಿಕಲ್ಲಿಗೂ 2019ರಲ್ಲಿ ತೆರೆದಿದ್ದಾರೆ. ಮೋಟಾರನ್ನು ರಸ್ತೆಯಂಚಿನ ಬರಿನೆಲದಲ್ಲಿ ನಿಲ್ಲಿಸಿ ಕೆಳಗಿಳಿಯುತ್ತಿದ್ದವರ ಕಾಲಿನಿಂದ ಇಳಿಜಾರು ಸವೆದು ಮಣ್ಣು ಸರೋವರಕ್ಕೆ ಹರಿಯುತ್ತಿತ್ತು. ಗಟ್ಟಿ ಹಾದಿಯಿಂದ ಅದು ತಗ್ಗುತ್ತದೆ. ಹೋಗುವವರು ಆ ಹಾದಿಯನ್ನು ಬೆಳಿಗ್ಗೆ ಬೇಗ ಹಿಡಿಯುವುದು ಒಳ್ಳೆಯದು. ಮಧ್ಯಾಹ್ನ ಗಾಳಿಯೆದ್ದರೆ ನೀರಿನ ಮೇಲೆ ತೆರೆಗಳು ಮೂಡಿ, ತಳದ ಬಂಡೆಗಳು ಕಣ್ಣಿಗೆ ಕದಡಿಹೋಗುತ್ತವೆ.