ಹವಳದ ತೊಟ್ಟಿಯಲ್ಲಿ ಏಡಿ: ಉಪಕಾರವೋ, ಉಪದ್ರವವೋ?



ನಮ್ಮ ಸದಸ್ಯರಲ್ಲಿ ಹಲವರ ಮಕ್ಕಳು ಹೊರದೇಶಗಳಲ್ಲಿದ್ದಾರೆ. ಅವರಲ್ಲಿ ಕೆಲವರು ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಜೀವಂತ ಹವಳ ಸಾಕುತ್ತಾರೆ. ತೊಟ್ಟಿ ಸ್ವಚ್ಛವಾಗಿರಲೆಂದು ಏಡಿಗಳನ್ನೂ ಬಿಡುತ್ತಾರೆ. ಆ ಏಡಿ ಹವಳವನ್ನೇ ತಿಂದುಬಿಡುವುದಿಲ್ಲವೇ ಎಂಬ ಪ್ರಶ್ನೆ ಸಂಘಕ್ಕೆ ಬಂದಿದೆ. ತಿಳಿದಷ್ಟನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇವೆ. ಕೊನೆಯಲ್ಲಿ ನಮ್ಮ ದೇಶದ ಕಾನೂನಿನ ಮಾತೂ ಇದೆ. ಅದನ್ನು ಎಲ್ಲರೂ ತಪ್ಪದೆ ಓದಬೇಕೆಂದು ವಿನಂತಿ.

ಏಡಿಗೆ ನಮ್ಮ ಗಡಿನಾಡಿನಲ್ಲಿ ಹೆಸರು ಒಂದೆರಡಲ್ಲ. ಕಾಸರಗೋಡಿನಲ್ಲಿ ತುಳುವಿನ ಡೆಂಜಿ, ಮಲೆಯಾಳದ ಞಂಡ್; ಹೊಸೂರಿನಲ್ಲಿ ತಮಿಳಿನ ನಂಡು; ಸೊಲ್ಲಾಪುರದಲ್ಲಿ ಮರಾಠಿಯ ಖೇಕಡಾ; ಗೋವಾದಲ್ಲಿ ಕೊಂಕಣಿಯ ಕುರ್ಲಿ. ಹೆಸರು ಯಾವುದಾದರೂ ಗುಣ ಒಂದೇ: ಸಿಕ್ಕಿದ್ದನ್ನು ಚಿಮಟದಂಥ ಕೊಂಡಿಯಿಂದ ಹಿಡಿದು ಬಾಯಿಗಿಡುವುದು.

ಹವಳ ಎಂದರೇನು?

ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ. ಪಾಲಿಪ್ ಎಂಬ ಸಣ್ಣ ಸಣ್ಣ ಪ್ರಾಣಿಗಳು ಗುಂಪಾಗಿ ಸುಣ್ಣದ ಗೂಡು ಕಟ್ಟಿಕೊಂಡು ಬಾಳುತ್ತವೆ. ದಿಬ್ಬ ಕಟ್ಟುವ ಹವಳಗಳ ಮೈಯೊಳಗೆ ಸೂಕ್ಷ್ಮ ಪಾಚಿ ಇರುತ್ತದೆ. ಆ ಪಾಚಿ ಬೆಳಕಿನಿಂದ ತಯಾರಿಸುವ ಆಹಾರವೇ ಹವಳದ ಮುಖ್ಯ ಊಟ. ಆದ್ದರಿಂದ ಹವಳಕ್ಕೆ ತಿಳಿನೀರು, ಬೆಳಕು, ಹದವಾದ ಬಿಸಿ ಮೂರೂ ಬೇಕು. ನಮ್ಮ ಹೆಣ್ಣುಮಕ್ಕಳ ಹವಳದ ಸರಕ್ಕೆ ಬಳಸುವ ಕೆಂಪು ಹವಳ ಬೇರೆ ಜಾತಿಯದು. ಮೆಡಿಟರೇನಿಯನ್ ಸಮುದ್ರದ ಕೆಂಪು ಹವಳ ಅದಕ್ಕೆ ಪ್ರಸಿದ್ಧ.

ಏಡಿಯಿಂದ ಆಗುವ ಉಪಕಾರ

ತೊಟ್ಟಿಯಲ್ಲಿ ಮೀನು ತಿಂದು ಬಿಟ್ಟ ಆಹಾರ, ಸತ್ತ ಹುಳು, ಕೆಲವೊಮ್ಮೆ ಸತ್ತ ಮೀನು ಮೂಲೆಯಲ್ಲಿ ಉಳಿಯುತ್ತದೆ. ಅದು ಕೊಳೆತರೆ ನೀರಿಗೆ ಅಮೋನಿಯಾ ಸೇರುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್, ಫಾಸ್ಫೇಟ್ ಹೆಚ್ಚಾದರೆ ಪಾಚಿ ಹಬ್ಬಿ ಹವಳವನ್ನು ಮುಚ್ಚುತ್ತದೆ. ಕೊಳೆಯುವ ಮೊದಲೇ ತಿಂದು ಮುಗಿಸುವುದು ಏಡಿಯ ಕೆಲಸ. ಖಾಲಿ ಶಂಖದೊಳಗೆ ಸೇರಿಕೊಂಡು ಓಡಾಡುವ ಹರ್ಮಿಟ್ ಏಡಿ ಕಲ್ಲಿನ ಮೇಲಿನ ಪಾಚಿಯನ್ನೂ ಕೆರೆದು ತಿನ್ನುತ್ತದೆ. ಕೆರಿಬಿಯನ್ ಸಮುದ್ರದ ಹಸಿರು ಬಣ್ಣದ ಎಮರಾಲ್ಡ್ ಏಡಿ, ಬೇರೆ ಪ್ರಾಣಿಗಳು ಅಷ್ಟಾಗಿ ಮುಟ್ಟದ ಗುಳ್ಳೆಪಾಚಿಯನ್ನು ತಿನ್ನುತ್ತದೆಂದು ಹೆಸರಾಗಿದೆ.

ಸಮುದ್ರದಲ್ಲಿ ಈ ನಂಟು ಇನ್ನೂ ಗಾಢ. ಟ್ರಪೀಜಿಯಾ ಎಂಬ ಪುಟ್ಟ ಏಡಿ ಹವಳದ ಕೊಂಬೆಗಳ ನಡುವೆಯೇ ವಾಸಿಸುತ್ತದೆ. ಮೇಲೆ ಬಿದ್ದ ಹೂಳನ್ನು ತೆಗೆಯುತ್ತದೆ. ಹವಳ ತಿನ್ನಲು ಬರುವ ಮುಳ್ಳಿನ ನಕ್ಷತ್ರಮೀನನ್ನು ಚಿವುಟಿ ಓಡಿಸುತ್ತದೆ. ಪೆಸಿಫಿಕ್ ಸಾಗರದ ಮೊರಿಯಾ ದ್ವೀಪದಲ್ಲಿ ವಿಜ್ಞಾನಿಗಳು ಇಂಥ ಏಡಿಗಳನ್ನು ತೆಗೆದು ನೋಡಿದಾಗ, ಒಂದು ತಿಂಗಳೊಳಗೆ ಆ ಹವಳಗಳಲ್ಲಿ ದೊಡ್ಡ ಪಾಲು ಸತ್ತವು. ಈ ಅಧ್ಯಯನ 2006ರಲ್ಲಿ ಪ್ರಕಟವಾಯಿತು.

ಏಡಿಯಿಂದ ಆಗುವ ಉಪದ್ರವ

ಏಡಿ ಹೊಟ್ಟೆಬಾಕ. ಪಾಚಿ ಮುಗಿದು ಬೇರೆ ಆಹಾರ ಸಿಗದಿದ್ದರೆ ಅದು ಮೃದುವಾದ ಹವಳಕ್ಕೂ ಬಾಯಿ ಹಾಕಬಹುದು. ಹವಳಕ್ಕೆ ಕೊಟ್ಟ ತುತ್ತನ್ನು ಅದರ ಬಾಯಿಂದಲೇ ಕಸಿದುಕೊಳ್ಳುತ್ತದೆ. ಪದೇ ಪದೇ ಮೇಲೆ ಹತ್ತಿದರೆ ಪಾಲಿಪ್‌ಗಳು ಮುದುಡಿಕೊಂಡೇ ಇರುತ್ತವೆ. ಮುದುಡಿದ ಹವಳಕ್ಕೆ ಬೆಳಕೂ ಕಡಿಮೆ, ಊಟವೂ ಕಡಿಮೆ. ಗಟ್ಟಿಯಾಗಿ ಅಂಟಿಸದ ಸಣ್ಣ ತುಂಡುಗಳನ್ನು ದೊಡ್ಡ ಏಡಿ ಉರುಳಿಸಿಬಿಡುತ್ತದೆ. ಹರ್ಮಿಟ್ ಏಡಿಗೆ ಬೆಳೆದಂತೆ ದೊಡ್ಡ ಶಂಖ ಬೇಕು. ಸಿಗದಿದ್ದರೆ ತೊಟ್ಟಿಯ ಬಸವನಹುಳುವನ್ನು ಕೊಂದು ಅದರ ಚಿಪ್ಪನ್ನೇ ಆಕ್ರಮಿಸುತ್ತದೆ.

ತಪ್ಪು ಯಾರದು?

ಸಾಯುತ್ತಿರುವ ಹವಳದ ಮೇಲೆ ಏಡಿ ಕಂಡರೆ ಅದೇ ಕೊಂದಿತೆಂದು ಹೇಳುವುದು ಸುಲಭ. ಆದರೆ ಸತ್ತ ಮಾಂಸ ತಿನ್ನುವುದು ಅದರ ಸ್ವಭಾವ. ಹವಳ ಮೊದಲೇ ಕೆಟ್ಟಿದ್ದರಿಂದ ಅದು ಅಲ್ಲಿಗೆ ಬಂದಿರಬಹುದು. ವಿಚಾರಣೆ ಮಾಡದೆ ಶಿಕ್ಷೆ ಕೊಡಬಾರದು. ಮೊದಲು ನೀರು ಪರೀಕ್ಷಿಸಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು; ಬಿಸಿ ಸುಮಾರು 25 ಡಿಗ್ರಿ ಸೆಲ್ಸಿಯಸ್, ಉಪ್ಪಿನಂಶ ಲೀಟರಿಗೆ ಸುಮಾರು 35 ಗ್ರಾಂ ಇರಬೇಕು. ಎರಡನೆಯದಾಗಿ, ದೀಪ ಆರಿಸಿದ ಮೇಲೆ ಕೆಂಪು ಬೆಳಕಿನಲ್ಲಿ ನೋಡಬೇಕು; ಏಡಿಗಳ ಓಡಾಟ ರಾತ್ರಿಯೇ ಹೆಚ್ಚು. ಮೂರನೆಯದಾಗಿ, ಏಡಿಯನ್ನು ಒಂದೆರಡು ವಾರ ಬೇರೆ ಇಡಬೇಕು. ಈ ನಡುವೆ ಬೇರೇನೂ ಬದಲಿಸದೆ ಹವಳ ಚೇತರಿಸಿಕೊಂಡರೆ ಸಂಶಯ ಏಡಿಯ ಮೇಲೆಯೇ. ಹವಳ ಹಾಗೆಯೇ ಕರಗುತ್ತಾ ಹೋದರೆ ಕಾರಣ ಬೇರೆಡೆ ಇದೆ.

ಸಾಕುವವರಿಗೆ ಸೂಚನೆಗಳು

ಏಡಿಗಳ ಸಂಖ್ಯೆ ಮಿತಿಯಲ್ಲಿರಲಿ. ಎಮರಾಲ್ಡ್ ಏಡಿ ಸಣ್ಣ ತೊಟ್ಟಿಗೆ ಒಂದೇ ಸಾಕು. ಪಾಚಿ ಮುಗಿದಾಗ ಏಡಿಗೂ ಸ್ವಲ್ಪ ಆಹಾರ ಹಾಕಬೇಕು. ಬೇರೆ ಬೇರೆ ಅಳತೆಯ ಖಾಲಿ ಶಂಖಗಳನ್ನು ಇಡಬೇಕು. ತಾಮ್ರ ಸೇರಿದ ಮೀನಿನ ಔಷಧಿಯನ್ನು ಈ ತೊಟ್ಟಿಗೆ ಹಾಕಲೇಬಾರದು. ಏಡಿ, ಹವಳ ಎರಡಕ್ಕೂ ಅದು ವಿಷ. ಏಡಿ ಬೆಳೆಯುವಾಗ ಹಳೆಯ ಕವಚ ಕಳಚುತ್ತದೆ. ಅದು ಸತ್ತ ಏಡಿಯಂತೆಯೇ ಕಾಣುವುದರಿಂದ ಗಾಬರಿಯಾಗದೆ ಗಮನಿಸಿ ನೋಡಬೇಕು.

ಕಾನೂನು

ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳೆಲ್ಲವೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲನೆಯ ಅನುಸೂಚಿಯಲ್ಲಿವೆ. ಹುಲಿಯೂ ಇರುವುದು ಅದೇ ಅನುಸೂಚಿಯಲ್ಲಿ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪವಾಗಲಿ, ಲಕ್ಷದ್ವೀಪವಾಗಲಿ, ಮನ್ನಾರ್ ಕೊಲ್ಲಿಯಾಗಲಿ, ಅಲ್ಲಿನ ಹವಳವನ್ನು ಕೀಳುವುದೂ ಮಾರುವುದೂ ಅಪರಾಧ. ಸತ್ತ ತುಂಡಿಗೂ ಇದು ಅನ್ವಯಿಸುತ್ತದೆ. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ, ಜೊತೆಗೆ ದಂಡ. ಅಂಗಡಿಯಲ್ಲಿ ಯಾರಾದರೂ "ಜೀವಂತ ಕಲ್ಲು" ಎಂದು ಹವಳದ ತುಂಡು ತೋರಿಸಿದರೆ ಕೊಳ್ಳಬೇಡಿ. ಹೊರದೇಶದ ಮಕ್ಕಳು ರಜೆಗೆ ಬರುವಾಗ ನೆನಪಿಗೆಂದು ಹವಳ ತರದಂತೆ ಈಗಲೇ ತಿಳಿಸಿ. ಹವಳವನ್ನು ಗಡಿ ದಾಟಿಸುವುದಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಪರವಾನಗಿ ಬೇಕು. ಮನೆಯಲ್ಲಿ ತೊಟ್ಟಿ ಇಡುವ ಆಸೆಯಿದ್ದರೆ ಸಿಹಿನೀರಿನ ಮೀನುಗಳೇ ಸಾಕು; ಖರ್ಚೂ ಕಡಿಮೆ, ಚಿಂತೆಯೂ ಕಡಿಮೆ.

ಈ ಲೇಖನವನ್ನು ಮಕ್ಕಳಿಗೆ ಓದಿ ಹೇಳಿ. ಅವರ ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆಸಿ ಸಂಘಕ್ಕೆ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇವೆ.

ಕಾರ್ಯದರ್ಶಿ