ಚುಕ್ಕಿಯ ಲೆಕ್ಕ, ಉಳಿಯ ಲೆಕ್ಕ, ಸೂಜಿಯ ಲೆಕ್ಕ

ಹರಿಹರದ ಹರಿಹರೇಶ್ವರ ದೇವಸ್ಥಾನಕ್ಕೆ ಬರುವವರು ಸಾಮಾನ್ಯವಾಗಿ ಮಂಟಪ ದಾಟಿ ನೇರವಾಗಿ ಗರ್ಭಗುಡಿಯತ್ತ ನಡೆಯುತ್ತಾರೆ. ಒಂದೇ ಮೂರ್ತಿಯಲ್ಲಿ ಅರ್ಧ ಶಿವ, ಅರ್ಧ ವಿಷ್ಣು. ಕೈಮುಗಿದು, ಮಂಗಳಾರತಿ ತೆಗೆದುಕೊಂಡು ಹೊರಡುತ್ತಾರೆ. ಚಿತ್ರ, ಶಿಲ್ಪ, ನೇಯ್ಗೆ, ಕಸೂತಿ ಕಲಿಯುವವರು ಮಾತ್ರ ಆ ಮಂಟಪದಲ್ಲೇ ಒಂದಿಷ್ಟು ಹೊತ್ತು ಕೂರಬೇಕು. ವಿನ್ಯಾಸ ಎಂಬುದು ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ ಎಂಬುದರ ದೊಡ್ಡ ಪಾಠ ಅಲ್ಲಿದೆ.

ಹೊಯ್ಸಳ ದೊರೆ ಇಮ್ಮಡಿ ವೀರ ನರಸಿಂಹನ ದಂಡನಾಯಕ ಪೋಲಾಳ್ವ ಈ ಗುಡಿಯನ್ನು 1223–24ರಲ್ಲಿ ಕಟ್ಟಿಸಿದ. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಇನ್ನಷ್ಟು ಭಾಗಗಳನ್ನು ಸೇರಿಸಿದ. ಮೂಲ ಶಿಖರ ಉಳಿದಿಲ್ಲ. ಈಗಿರುವುದು ಇಟ್ಟಿಗೆ ಗಾರೆಯದು. ಮಂಟಪ ಮಾತ್ರ ತನ್ನ ಲೆಕ್ಕಾಚಾರವನ್ನು ಇಂದಿಗೂ ತೆರೆದಿಟ್ಟಿದೆ. ಅದರ ತಳವಿನ್ಯಾಸ ಸರಳ ಚೌಕವಲ್ಲ. ಚೌಕದ ಮೂಲೆಗಳು ಮೆಟ್ಟಿಲು ಮೆಟ್ಟಿಲಾಗಿ ಒಳಸರಿಯುತ್ತವೆ. ಸುತ್ತಲಿನ ಗಿಡ್ಡ ಗೋಡೆಯೂ ಅದೇ ಮಡಿಕೆಗಳನ್ನು ಅನುಸರಿಸುತ್ತದೆ. ಗೋಡೆಯ ಮೇಲೆ ಸಮ ಅಂತರದಲ್ಲಿ ಅರ್ಧಗಂಬಗಳು, ಒಳಗೆ ಸುತ್ತಿನಲ್ಲಿ ಕಡೆದ ಪೂರ್ಣ ಕಂಬಗಳು, ತಲೆಯ ಮೇಲೆ ತಾವರೆ ಅರಳಿದ ಭುವನೇಶ್ವರಿಗಳು, ಅಂದರೆ ಚಾವಣಿಯ ಕೆತ್ತನೆಗಳು.

ಕಂಬ ಕಡೆಯುವ ಕೆಲಸವನ್ನೇ ನೋಡಿ. ಕಲ್ಲು ತಿರುಗುತ್ತಿರುವಾಗ ಉಳಿಯನ್ನು ಒಂದೆಡೆ ಹಿಡಿದರೆ ಸಾಕು, ಆ ಒಂದು ಗೀರು ಕಂಬದ ಸುತ್ತ ಉಂಗುರವಾಗುತ್ತದೆ. ಉಳಿಯನ್ನು ಮೇಲೆ ಕೆಳಗೆ ಸರಿಸುತ್ತ ಹೋದಂತೆ ಉಂಗುರದ ಮೇಲೆ ಉಂಗುರ, ಗಂಟೆಯಾಕಾರ, ಮತ್ತೆ ಉಂಗುರ. ಶಿಲ್ಪಿ ತೀರ್ಮಾನಿಸುವುದು ಅಂಚಿನ ಒಂದು ಗೆರೆಯನ್ನು ಮಾತ್ರ. ಉಳಿದದ್ದನ್ನು ತಿರುಗುವಿಕೆಯೇ ಮಾಡಿಕೊಡುತ್ತದೆ. ಏಳು ಶತಮಾನಗಳ ಬಳಿಕ, 1941ರಲ್ಲಿ, ಇದೇ ಊರಿನಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅದು ಹೆಸರು ಮಾಡಿದ್ದು ಲೇತ್ ಯಂತ್ರಗಳಿಂದ. ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು. ಆದರೆ ಕಲ್ಲು ಕಡೆದವರ ಊರಿನಲ್ಲೇ ಕಬ್ಬಿಣ ಕಡೆಯುವ ಯಂತ್ರ ತಯಾರಾದದ್ದು ಹರಿಹರ ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ.

ಹರಿಹರದ ಗುಡಿಗಿಂತ ಮೊದಲೇ ಚಾಲುಕ್ಯರ ಶಿಲ್ಪಿಗಳು ತಿರುಗಿಸುವ ಈ ಜಾಣ್ಮೆಯನ್ನು ಇಡೀ ಕಟ್ಟಡಕ್ಕೆ ಹಬ್ಬಿಸಿದ್ದರು. ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ದೇವಸ್ಥಾನದ ತಳ 24 ಕೋನಗಳ ನಕ್ಷತ್ರ. ಅದನ್ನು ಕಾಗದದ ಮೇಲೆ ಯಾರು ಬೇಕಾದರೂ ಬರೆಯಬಹುದು: ಒಂದು ಚೌಕ ಬರೆದು, ನಡುಬಿಂದು ಕದಲದಂತೆ 15 ಡಿಗ್ರಿ ತಿರುಗಿಸಿ ಮತ್ತೊಂದು ಬರೆಯಬೇಕು. ಹೀಗೆ ಆರು ಚೌಕಗಳಾದರೆ 24 ಮೂಲೆಗಳು ಸಿದ್ಧ. ಕಣ್ಣಿಗೆ ಜಟಿಲವಾಗಿ ಕಾಣುವ ನಕ್ಷತ್ರದ ಹಿಂದೆ ಇರುವುದು ಒಂದು ಚೌಕ ಮತ್ತು ಒಂದು ನಿಯಮ.

ಇದೇ ನಿಯಮನಿಷ್ಠೆ ಹರಿಹರಕ್ಕೆ ಹತ್ತಿರದ ದಾವಣಗೆರೆಯ ಮನೆಗಳ ಮುಂದೆ ನೆಲದ ಮೇಲಿದೆ. ಸಾರಿಸಿದ ಅಂಗಳದಲ್ಲಿ ಚುಕ್ಕಿ ಇಡುವ ಗೃಹಿಣಿ ಮೊದಲು ತೀರ್ಮಾನಿಸುವುದು ಹೂವನ್ನಲ್ಲ, ಎಣಿಕೆಯನ್ನು. ನೇರ ಚುಕ್ಕಿಯೋ, ಸಂದು ಚುಕ್ಕಿಯೋ? ನೇರ ಚುಕ್ಕಿಯಲ್ಲಿ ಸಾಲುಗಳು ಒಂದರ ಕೆಳಗೊಂದು ಬಂದು ಚೌಕದ ಜಾಲ ಏಳುತ್ತದೆ. ಅಲ್ಲಿ ಬರೆದ ಬಳ್ಳಿ ನಾಲ್ಕು ದಿಕ್ಕಿಗೆ ತಿರುಗುತ್ತದೆ. ಸಂದು ಚುಕ್ಕಿಯಲ್ಲಿ ಎರಡು ಚುಕ್ಕಿಗಳ ನಡುವಿನ ಸಂದಿಗೆ ಮುಂದಿನ ಚುಕ್ಕಿ ಬೀಳುತ್ತದೆ. ನಡುವೆ 15 ಚುಕ್ಕಿ ಇಟ್ಟು ಎರಡೂ ಕಡೆ ಒಂದೊಂದೇ ಕಡಿಮೆ ಮಾಡುತ್ತ 8ಕ್ಕೆ ನಿಲ್ಲಿಸಿದರೆ ಅಚ್ಚುಕಟ್ಟಾದ ಷಟ್ಕೋನ. ಅದರೊಳಗಿನ ಹೂವಿಗೆ ಆರು ಎಸಳು ಸಹಜವಾಗಿಯೇ ಬರುತ್ತವೆ.

ಅಂಗಳದ ಈ ಜ್ಞಾನಕ್ಕೆ ವಿದ್ವಾಂಸರ ಗೌರವವೂ ಸಿಕ್ಕಿದೆ. ಮದ್ರಾಸಿನಲ್ಲಿ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಕಮಲಾ ಕೃತಿವಾಸನ್ ಅವರು ತಮಿಳುನಾಡಿನ ಕೋಲಂ ರಂಗೋಲಿಗಳನ್ನು ಆಧರಿಸಿ, ಚಿತ್ರಗಳನ್ನು ನಿಯಮಗಳಿಂದ ಬೆಳೆಸುವ ವ್ಯಾಕರಣಗಳ ಕುರಿತು 1974ರಲ್ಲಿ ಪ್ರಬಂಧ ಪ್ರಕಟಿಸಿದರು. ಗಣಕ ವಿಜ್ಞಾನದ ಒಂದು ಶಾಖೆಗೆ ಹೆಂಗಸರ ಬೆರಳ ತುದಿಯ ಹಿಟ್ಟು ದಾರಿ ತೋರಿಸಿತು.

ನೆಲದಿಂದ ಬಟ್ಟೆಗೆ ಬಂದರೆ ಎಣಿಕೆ ಇನ್ನೂ ಬಿಗಿಯಾಗುತ್ತದೆ. ಉತ್ತರಕ್ಕೆ, ಧಾರವಾಡದ ಕಡೆ ಬೆಳೆದ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆ ಎಣಿಸಿ ಸೂಜಿ ಹಾಕಬೇಕು, ಗಂಟು ಬೀಳಬಾರದು. ಗವಂತಿ ಹೊಲಿಗೆಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಜಾಗ ತುಂಬುತ್ತದೆ. ಮರಳುವಾಗ ಬಿಟ್ಟದ್ದನ್ನು ತುಂಬುತ್ತದೆ. ಆದ್ದರಿಂದಲೇ ಬಟ್ಟೆಯ ಎರಡೂ ಬದಿ ಒಂದೇ ಚಿತ್ರ. ಮುರ್ಗಿ ಹೊಲಿಗೆ ಮೆಟ್ಟಿಲಿನಂತೆ ಏರಿಳಿಯುತ್ತದೆ, ಮೆಂತ್ಯೆ ಹೊಲಿಗೆ ಅಡ್ಡಡ್ಡ ಹಾಯುತ್ತದೆ, ನೇಗಿ ನೇಯ್ದಂತೆ ಕಾಣುತ್ತದೆ. ಗೋಪುರ, ತೇರು, ತುಳಸಿಕಟ್ಟೆ, ಆನೆ ಎಲ್ಲವೂ ಈ ನಾಲ್ಕರಿಂದಲೇ ಮೂಡುತ್ತವೆ. ಹರಿಹರದ ಮಂಟಪದ ಮಡಿಕೆ ಗೋಡೆಯನ್ನು ಕಾಗದಕ್ಕೆ ಇಳಿಸಿ ಮುರ್ಗಿ ಹೊಲಿಗೆಯ ಪಕ್ಕದಲ್ಲಿಟ್ಟರೆ ಎರಡರಲ್ಲೂ ಅದೇ ಮೆಟ್ಟಿಲ ಗೆರೆ ಕಾಣುತ್ತದೆ.

ದಾವಣಗೆರೆ ಜಿಲ್ಲೆಯ ಲಂಬಾಣಿ (ಬಂಜಾರ) ತಾಂಡಾಗಳದ್ದು ಬೇರೆಯದೇ ಸೊಗಸು. ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ನಂಬುವ ಸೂರಗೊಂಡನಕೊಪ್ಪ ಇರುವುದು ಇದೇ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿ. ಅಲ್ಲಿನ ಜಾತ್ರೆಯಲ್ಲಿ ಹಿರಿಯ ಹೆಂಗಸರ ಕಾಂಚಳಿ (ರವಿಕೆ), ಫೇಟಿಯಾ (ಲಂಗ)ಗಳನ್ನು ನೋಡಬೇಕು. ಕೆಂಪು, ನೀಲಿ ಬಟ್ಟೆಯ ತುಂಡುಗಳು, ಕನ್ನಡಿ, ಕವಡೆ, ನಾಣ್ಯ. ಬಣ್ಣದ ಅಬ್ಬರದ ನಡುವೆಯೂ ಚೌಕ, ತ್ರಿಕೋನ, ವಜ್ರಾಕಾರಗಳ ಸಾಲು ತಪ್ಪುವುದಿಲ್ಲ. ಬಳ್ಳಾರಿ ಸೀಮೆಯ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ20 ಸಂಸ್ಕೃತಿ ಸಭೆಯ ವೇಳೆ ಲಂಬಾಣಿ ಹೆಂಗಸರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು.

ಒಂದು ಮಾಧ್ಯಮದ ವಿನ್ಯಾಸವನ್ನು ಇನ್ನೊಂದಕ್ಕೆ ಒಯ್ದಾಗ ಏನಾಗುತ್ತದೆ? ಆಧುನಿಕ ಕಲಾವಿದರು ಈ ಪ್ರಶ್ನೆಯನ್ನು ಬಗೆಬಗೆಯಾಗಿ ಕೇಳಿಕೊಂಡಿದ್ದಾರೆ. ಡಚ್ ಕಲಾವಿದ ಎಂ.ಸಿ. ಎಶರ್ 1922ರಲ್ಲಿ, ಮತ್ತೆ 1936ರಲ್ಲಿ ಸ್ಪೇನಿನ ಅಲ್‌ಹಾಂಬ್ರಾ ಅರಮನೆಗೆ ಹೋದರು. ಗೋಡೆಯ ಹೆಂಚಿನ ವಿನ್ಯಾಸಗಳನ್ನು ಕೂತು ಬರೆದುಕೊಂಡರು. ಅದೇ ಜಾಲವನ್ನು ಹಕ್ಕಿ, ಮೀನು, ಹಲ್ಲಿಗಳಿಂದ ತುಂಬಿ ಮುದ್ರಣ ಚಿತ್ರಗಳನ್ನು ಮಾಡಿದರು. ಸಮತಲದ ಮೇಲೆ ಎರಡು ದಿಕ್ಕಿಗೂ ಮರುಕಳಿಸುವ ವಿನ್ಯಾಸಗಳಲ್ಲಿ ಸಮ್ಮಿತಿಯ 17 ಬಗೆಗಳು ಮಾತ್ರ ಸಾಧ್ಯ ಎಂದು ರಷ್ಯಾದ ವಿಜ್ಞಾನಿ ಫ್ಯೊಡೊರೊವ್ 1891ರಲ್ಲೇ ತೋರಿಸಿದ್ದರು. ಹೆಂಚಿರಲಿ, ಸೀರೆಯ ಒಡಲಿರಲಿ, ಈ ಹದಿನೇಳರ ಆಚೆಗೆ ಹೋಗಲಾರದು.

ನಮ್ಮಲ್ಲೇ, ಮೈಸೂರಿನಲ್ಲಿ ಹುಟ್ಟಿದ ಕಲಾವಿದ ಎಸ್.ಜಿ. ವಾಸುದೇವ್ ಅವರ ಉದಾಹರಣೆಯಿದೆ. ತೈಲಚಿತ್ರದಲ್ಲಿ ಬೆಳೆದ ಅವರ ರೂಪಗಳು ತಾಮ್ರದ ಉಬ್ಬುಶಿಲ್ಪಕ್ಕೂ, ನೇಕಾರ ಸುಬ್ಬರಾಯಲು ಅವರ ಜೊತೆಗೂಡಿ ಮಾಡಿದ ರೇಷ್ಮೆಯ ಚಿತ್ರನೇಯ್ಗೆಗೂ ದಾಟಿದವು. ಕುಂಚದ ಒಂದು ಎಳೆತ ತಾಮ್ರದಲ್ಲಿ ತಟ್ಟಿದ ಗುರುತಾಗುತ್ತದೆ, ಮಗ್ಗದಲ್ಲಿ ನೂಲಿನ ಮೆಟ್ಟಿಲಾಗುತ್ತದೆ. ದಾವಣಗೆರೆಗೆ ಇನ್ನೂ ಹತ್ತಿರದ ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ ಬಣ್ಣದ ಚಿತ್ರದಿಂದ ಸಗಣಿ, ಕುಂಕುಮ, ದಾರ, ಕೂದಲಿನ ಹಗ್ಗಗಳಿಗೆ ಬಂದವರು. ಸೂಜಿಗಳಲ್ಲಿ ಪೋಣಿಸಿದ ಉದ್ದನೆಯ ದಾರಗಳನ್ನು ಕುಂಕುಮ ಮತ್ತು ಅಂಟಿನಿಂದ ಕೂಡಿಸಿ ಕೆಂಪು ಹಗ್ಗವಾಗಿಸಿದ ಅವರ ಕೃತಿ ಲೋಕಪ್ರಸಿದ್ಧ. ಮತ್ತೆ ಮತ್ತೆ ಮಾಡುವ ಕೈಕೆಲಸದ ಶ್ರಮವೇ ಅಲ್ಲಿ ಕಲೆಯ ಶಕ್ತಿ. 2019ರಲ್ಲಿ ಅವರಿಗೆ ಮರಿಯಾ ಲಾಸ್ನಿಗ್ ಪ್ರಶಸ್ತಿ ಬಂತು.

ಈ ಎಲ್ಲ ಎಳೆಗಳು ಕೂಡಬಹುದಾದ ಜಾಗ ದಾವಣಗೆರೆಯಲ್ಲೇ ಇದೆ: ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯ. 2009ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯಕ್ಕಿಂತ ಕಾಲೇಜೇ ಹಳೆಯದು. ಬೆಂಗಳೂರು, ಮೈಸೂರಿಗೆ ಹೋಗಲಾಗದ ಮಧ್ಯ ಕರ್ನಾಟಕದ ಮಕ್ಕಳಿಗೆ ಚಿತ್ರಕಲೆ, ಶಿಲ್ಪಕಲೆ, ಅನ್ವಯಿಕ ಕಲೆಗಳನ್ನು ಅದು ಕಲಿಸುತ್ತ ಬಂದಿದೆ. ಮೂರೂ ವಿಭಾಗಗಳಿಗೆ ಒಟ್ಟಾಗಿ ಒಂದು ಕೆಲಸ ಕೊಡಬಹುದು: ಹರಿಹರದ ಮಂಟಪದ ಒಂದು ವಿನ್ಯಾಸವನ್ನು ಆರಿಸಿ, ಅದನ್ನು ಚುಕ್ಕಿಗೆ, ಹೊಲಿಗೆಗೆ, ಮರದ ಅಚ್ಚಿಗೆ, ಪೋಸ್ಟರಿಗೆ ಇಳಿಸುವುದು. ಯಾವ ಮಾಧ್ಯಮ ಏನನ್ನು ಉಳಿಸಿಕೊಂಡಿತು, ಏನನ್ನು ಬಿಟ್ಟಿತು ಎಂದು ಪಕ್ಕಪಕ್ಕ ಇಟ್ಟು ನೋಡುವುದು.

ದೊಡ್ಡ ಖರ್ಚಿನ ಮಾತಲ್ಲ ಇದು. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಬಸ್ಸೂ ಇದೆ, ರೈಲೂ ಇದೆ. ಮಕ್ಕಳಿಗೆ ಚಿತ್ರ ಬರೆಯುವ ಆಸೆಯಿದ್ದರೆ ಒಂದು ಭಾನುವಾರ ಚೌಕಳಿ ಪುಸ್ತಕ, ಪೆನ್ಸಿಲ್ ಕೊಟ್ಟು ಮಂಟಪಕ್ಕೆ ಕರೆದೊಯ್ಯಿರಿ. ಮನೆಯಲ್ಲಿ ಅಜ್ಜಿಯ ರಂಗೋಲಿ ಪುಸ್ತಕವೋ ಕಾಂಚಳಿಯೋ ಇದ್ದರೆ ಹರಿದಿದೆಯೆಂದು ಎಸೆಯಬೇಡಿ. ಚುಕ್ಕಿಯ ಲೆಕ್ಕ, ಹೊಲಿಗೆಯ ಹೆಸರು, ಮಾಡಿದವರ ಹೆಸರು ಬರೆದು, ಫೋಟೊ ತೆಗೆದು ಜೋಪಾನ ಮಾಡಿ.